ಸೊಳ್ಳೆಯ ಒಡಲಲ್ಲಿ ಮಲೇರಿಯಾ ಗುಟ್ಟು ಕಂಡ ರೊನಾಲ್ಡ್ ರಾಸ್

ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆಂದು ಜಗತ್ತು ಶತಮಾನಗಳ ಕಾಲ ನಂಬಿತ್ತು. ಆ ನಂಬಿಕೆಯನ್ನು ತೊಡೆದುಹಾಕಿದವರಲ್ಲಿ ಪ್ರಮುಖರು ಸೇನಾ ವೈದ್ಯ ಸರ್ ರೊನಾಲ್ಡ್ ರಾಸ್.

1857ರ ಮೇ 13ರಂದು ಅಲ್ಮೋರಾದಲ್ಲಿ ಜನಿಸಿದ ರಾಸ್ ಅವರ ಒಲವು ಇದ್ದದ್ದು ಕಾವ್ಯ, ಸಂಗೀತಗಳತ್ತ. ತಂದೆಯ ಇಚ್ಛೆಗೆ ಮಣಿದು ವೈದ್ಯಶಾಸ್ತ್ರ ಕಲಿತ ಅವರು 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿದರು. 1883ರಲ್ಲಿ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದಾಗ, ಬಂಗಲೆಯ ಬಳಿಯ ಪೀಪಾಯಿಯ ನೀರು ಚೆಲ್ಲಿಸಿದರೆ ಸೊಳ್ಳೆ ಕಾಟ ತಗ್ಗುವುದನ್ನು ಗಮನಿಸಿದರು.

ಮಲೇರಿಯಾಕ್ಕೂ ಸೊಳ್ಳೆಗೂ ನಂಟಿರಬಹುದೆಂಬ ಊಹೆಯನ್ನು 1894ರಲ್ಲಿ ಅವರ ಮುಂದಿಟ್ಟವರು ಲಂಡನ್ನಿನ ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್. ಭಾರತಕ್ಕೆ ಮರಳಿದ ರಾಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಸೊಳ್ಳೆಗಳನ್ನು ಸೀಳಿ ಪರೀಕ್ಷಿಸಿದರೂ ಫಲ ದೊರೆಯಲಿಲ್ಲ. ಕೊನೆಗೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ರೋಗಿಯ ರಕ್ತ ಹೀರಿದ್ದ ಅನಾಫಿಲಿಸ್ ಸೊಳ್ಳೆಯ ಜಠರದಲ್ಲಿ ಪರಾವಲಂಬಿ ಕಣ್ಣಿಗೆ ಬಿತ್ತು. ಕಚ್ಚಿಸಿಕೊಂಡ ಪ್ರತಿ ಸೊಳ್ಳೆಗೆ ಖಾನ್ ಪಡೆದದ್ದು ಒಂದು ಆಣೆ.

1898ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಮೊಹಮ್ಮದ್ ಬಕ್ಸ್ ನೆರವಿನೊಂದಿಗೆ, ಪಕ್ಷಿಗಳ ಮಲೇರಿಯಾ ಸೊಳ್ಳೆಯ ಜೊಲ್ಲುಗ್ರಂಥಿಯ ಮೂಲಕ ಹರಡುವುದನ್ನು ರಾಸ್ ಸಿದ್ಧಪಡಿಸಿದರು. ಮನುಷ್ಯರ ಮಲೇರಿಯಾ ಅನಾಫಿಲಿಸ್‌ನಿಂದ ಹರಡುವುದನ್ನು ಅದೇ ವರ್ಷ ತೋರಿಸಿದವರು ಇಟಲಿಯ ಜೊವಾನಿ ಬತ್ತಿಸ್ತಾ ಗ್ರಾಸಿ ಮತ್ತು ಸಂಗಡಿಗರು. ಆದರೆ 1902ರ ನೊಬೆಲ್ ಸಂದದ್ದು ರಾಸ್ ಒಬ್ಬರಿಗೇ. ಶ್ರೇಯಸ್ಸಿಗಾಗಿ ಇಬ್ಬರ ನಡುವೆ ಹುಟ್ಟಿದ ಕಹಿ ಕಡೆಯವರೆಗೂ ಆರಲಿಲ್ಲ.

1932ರ ಸೆಪ್ಟೆಂಬರ್ 16ರಂದು ರಾಸ್ ಲಂಡನ್ನಿನಲ್ಲಿ ನಿಧನರಾದರು. ಆಗಸ್ಟ್ 20 ಇಂದು ವಿಶ್ವ ಸೊಳ್ಳೆ ದಿನ. ನಿಂತ ನೀರು ಚೆಲ್ಲುವ ಬೆಂಗಳೂರಿನ ಆ ಪಾಠ ಇಂದಿಗೂ ಹಳತಾಗಿಲ್ಲ. ರಕ್ತ ಕೊಟ್ಟ ಖಾನ್, ಜತೆಗೆ ದುಡಿದ ಬಕ್ಸ್ ಅವರ ಹೆಸರು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.