ಕೈಗಾರಿಕೆಯ ದಾರಿ ತೋರಿಸಿದ ಸರ್ ಎಂ. ವಿಶ್ವೇಶ್ವರಯ್ಯ

ಸರ್ ಎಂ. ವಿಶ್ವೇಶ್ವರಯ್ಯನವರು ಎಂದ ಕೂಡಲೇ ನಮಗೆಲ್ಲಾ ಕನ್ನಂಬಾಡಿ ಕಟ್ಟೆ ನೆನಪಿಗೆ ಬರುತ್ತದೆ. ನಮ್ಮ ಹಿರಿಯೂರಿನ ಮಾರಿಕಣಿವೆಯನ್ನೂ ಅವರೇ ಕಟ್ಟಿಸಿದರು ಅಂತ ಕೆಲವರು ಹೇಳುತ್ತಾರೆ. ಅದು ತಪ್ಪು. ಮಾರಿಕಣಿವೆ ಕಟ್ಟೆ 1907ರಲ್ಲೇ ಮುಗಿದಿತ್ತು. ಅವರು ಮೈಸೂರು ಸಂಸ್ಥಾನಕ್ಕೆ ಮುಖ್ಯ ಇಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ಕಟ್ಟೆಯಷ್ಟೇ ದೊಡ್ಡದಾದ ಇನ್ನೊಂದು ಕೆಲಸವನ್ನು ಅವರು ಮಾಡಿದ್ದಾರೆ. ಅದೇ ಕೈಗಾರಿಕೆ.

ಇವರು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮ. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿಕೊಟ್ಟು ತಾವೂ ಓದಿದರು. ಆಮೇಲೆ ಪುಣೆಯಲ್ಲಿ ಇಂಜಿನಿಯರಿಂಗ್ ಕಲಿತು ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು.

1898ರಲ್ಲಿ ಅವರು ಜಪಾನಿಗೆ ಹೋಗಿದ್ದರು. ಆ ಚಿಕ್ಕ ದೇಶದಲ್ಲಿ ಸರ್ಕಾರವೇ ಮುಂದೆ ನಿಂತು ಶಾಲೆ, ಕಾರ್ಖಾನೆಗಳನ್ನು ಬೆಳೆಸುತ್ತಿತ್ತು. ನಮ್ಮಲ್ಲೂ ಹೀಗೇ ಆಗಬೇಕು ಎಂದು ಅವರಿಗೆ ಅನ್ನಿಸಿತು. ಆಗ ನಮ್ಮ ಕಚ್ಚಾ ಮಾಲು ಯುರೋಪಿಗೆ ಹೋಗುತ್ತಿತ್ತು. ಅಲ್ಲಿ ತಯಾರಾದ ಸಾಮಾನನ್ನು ನಾವೇ ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಿದ್ದೆವು.

1911ರಲ್ಲಿ ಮೈಸೂರಿನಲ್ಲಿ ಆರ್ಥಿಕ ಸಮ್ಮೇಳನ ಶುರುವಾಯಿತು. ಅಧಿಕಾರಿಗಳು, ವ್ಯಾಪಾರಿಗಳು, ಬೇಸಾಯಗಾರರು ಒಟ್ಟಿಗೆ ಕೂತು ಕೃಷಿ, ಶಿಕ್ಷಣ, ಕೈಗಾರಿಕೆ ಬಗ್ಗೆ ಮಾತಾಡುವುದು ಇದರ ಉದ್ದೇಶ. 1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಕೈಗಾರಿಕೆಗೆ ಸಾಲ ಬೇಕಲ್ಲವೇ? ಅದಕ್ಕೆ 1913ರಲ್ಲಿ ಮೈಸೂರು ಬ್ಯಾಂಕ್ ಬಂತು. ಓದಿದವರು ಬೇಕಲ್ಲವೇ? ಅದಕ್ಕೆ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂತು.

ಗಂಧದ ಕಥೆ ಕೇಳಿ. ನಮ್ಮ ಗಂಧದ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಕೊಳ್ಳುವವರೇ ಇಲ್ಲದಂತಾಯಿತು. ಮರ ಹಾಗೇ ಬಿದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ವಿಶ್ವೇಶ್ವರಯ್ಯನವರು ಸುಮ್ಮನೆ ಕೂರಲಿಲ್ಲ. ಬೆಂಗಳೂರಿನ ವಿಜ್ಞಾನಿಗಳ ಸಹಾಯದಿಂದ ಇಲ್ಲೇ ಎಣ್ಣೆ ತೆಗೆಸಿದರು. 1916ರಲ್ಲಿ ಕಾರ್ಖಾನೆಯಾಯಿತು. ಆಮೇಲೆ ಮೈಸೂರು ಸ್ಯಾಂಡಲ್ ಸೋಪು ಬಂತು. ಅದು ಈಗಲೂ ಅಂಗಡಿಯಲ್ಲಿ ಸಿಗುತ್ತದೆ.

ಭದ್ರಾವತಿ ಕಬ್ಬಿಣದ ಕಾರ್ಖಾನೆ ಮಾತ್ರ ಸುಲಭವಾಗಲಿಲ್ಲ. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಿಲು ಬರಬೇಕಿತ್ತು. 1918ರಲ್ಲಿ ಅವರು ದಿವಾನಗಿರಿ ಬಿಟ್ಟರು. 1923ರಲ್ಲಿ ಕಬ್ಬಿಣ ಬರುವ ಹೊತ್ತಿಗೆ ಅದರ ಬೆಲೆಯೇ ಬಿದ್ದುಹೋಗಿತ್ತು. ಕಾರ್ಖಾನೆ ನಷ್ಟಕ್ಕೆ ಬಂತು. ಆಗ ಸಂಸ್ಥಾನದವರು ಅವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. ಅವರು ಖರ್ಚು ಕಡಿಮೆ ಮಾಡಿದರು, ನಮ್ಮವರಿಗೇ ಕೆಲಸ ಕಲಿಸಿದರು. 1929ರವರೆಗೆ ದುಡಿದು ಕಾರ್ಖಾನೆಯನ್ನು ಉಳಿಸಿದರು. ಮುಂದೆ ಅದಕ್ಕೆ ಅವರ ಹೆಸರನ್ನೇ ಇಟ್ಟರು.

1955ರಲ್ಲಿ ಅವರಿಗೆ ಭಾರತರತ್ನ ಬಂತು. ನೂರು ವರ್ಷ ದಾಟಿ ಬದುಕಿ 1962ರಲ್ಲಿ ತೀರಿಕೊಂಡರು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15ನ್ನು ಇಂಜಿನಿಯರುಗಳ ದಿನವಾಗಿ ಆಚರಿಸುತ್ತಾರೆ.

ಸ್ನೇಹಿತರೇ, ಗಂಧ ನಮ್ಮ ಕಾಡಿನಲ್ಲಿ ಮೊದಲೂ ಇತ್ತು, ಕಬ್ಬಿಣದ ಅದಿರೂ ಇತ್ತು. ಬ್ಯಾಂಕು, ಶಾಲೆ, ವಿಜ್ಞಾನಿಗಳು, ಸರ್ಕಾರ ಎಲ್ಲಾ ಒಂದಾದ ಮೇಲೆಯೇ ಅದು ಸೋಪಾಯಿತು, ಉಕ್ಕಾಯಿತು. ನಮ್ಮೂರಿನ ಬೆಳೆಯೂ ಹೀಗೇ. ಮಾರಿಬಿಟ್ಟರೆ ಒಂದು ಬೆಲೆ, ಇಲ್ಲೇ ಏನಾದರೂ ತಯಾರಿಸಿದರೆ ಇನ್ನೊಂದು ಬೆಲೆ. ಒಬ್ಬರಿಂದ ಆಗದ್ದು ಹತ್ತು ಜನ ಸೇರಿದರೆ ಆಗುತ್ತದೆ.

– 7ನೇ ತರಗತಿ, ಯಲ್ಲದಕೆರೆ