ನೆರಳಿನ ದಾರಿ ಬರೆದ ಹ್ಯಾಲಿ

ಈ ಶಾಲೆಯಲ್ಲಿ ವಿಜ್ಞಾನ ಕಲಿಸಿದ ಅಷ್ಟೂ ವರ್ಷ ನಾನು ಮಕ್ಕಳಿಗೆ ತಪ್ಪದೆ ಹೇಳುತ್ತಿದ್ದದ್ದು ಎಡ್ಮಂಡ್ ಹ್ಯಾಲಿಯ ಕತೆ. ಧೂಮಕೇತುವಿನಿಂದಾಗಿ ಅವನ ಹೆಸರು ಎಲ್ಲರಿಗೂ ಗೊತ್ತು. ನನಗೆ ಮಾತ್ರ ಆತ ಇನ್ನೂ ದೊಡ್ಡವನಾಗಿ ಕಾಣುವುದು ಗ್ರಹಣದ ವಿಷಯದಲ್ಲಿ.

ಹ್ಯಾಲಿ 1656ರಲ್ಲಿ ಲಂಡನ್ ಪಕ್ಕದ ಹಳ್ಳಿಯೊಂದರಲ್ಲಿ ಹುಟ್ಟಿದ. ತಂದೆ ಸಾಬೂನು ತಯಾರಿಸುವ ಸಾಹುಕಾರ. ಆಕ್ಸ್‌ಫರ್ಡಿನ ಓದನ್ನು ಅರ್ಧಕ್ಕೇ ಬಿಟ್ಟು, ಇಪ್ಪತ್ತರ ಹರೆಯದಲ್ಲಿ ಸೇಂಟ್ ಹೆಲೆನಾ ದ್ವೀಪಕ್ಕೆ ಹಡಗು ಹತ್ತಿದ. ದಕ್ಷಿಣದ ಆಕಾಶದ 341 ನಕ್ಷತ್ರಗಳ ಪಟ್ಟಿ ಮಾಡಿಕೊಂಡು ಬಂದ. ನ್ಯೂಟನ್ನನ ಮಹಾಗ್ರಂಥ 1687ರಲ್ಲಿ ಅಚ್ಚಾದದ್ದು ಇವನ ಹಣದಿಂದ. ರಾಯಲ್ ಸೊಸೈಟಿ ಮೀನುಗಳ ಕುರಿತ ಪುಸ್ತಕವೊಂದಕ್ಕೆ ದುಡ್ಡು ಸುರಿದು ಕೈ ಬರಿದು ಮಾಡಿಕೊಂಡಿತ್ತು. ಹ್ಯಾಲಿಗೆ ಸಂಬಳವಾಗಿ ಸಿಕ್ಕಿದ್ದೂ ಮಾರಾಟವಾಗದೆ ಉಳಿದ ಆ ಮೀನಿನ ಪುಸ್ತಕಗಳೇ. ಇದನ್ನು ಹೇಳಿದಾಗಲೆಲ್ಲ ಶಿಕ್ಷಕರ ಕೊಠಡಿಯಲ್ಲಿ ನಗೆಯೋ ನಗೆ.

ಇನ್ನು ಗ್ರಹಣ. ಸೂರ್ಯಗ್ರಹಣ ಅಮಾವಾಸ್ಯೆಗೆ, ಚಂದ್ರಗ್ರಹಣ ಹುಣ್ಣಿಮೆಗೆ. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ನೆರಳು ಬಹಳ ಸಲ ಮೇಲಕ್ಕೋ ಕೆಳಕ್ಕೋ ತಪ್ಪಿಹೋಗುತ್ತದೆ. ಆದ್ದರಿಂದ ತಿಂಗಳು ತಿಂಗಳೂ ಗ್ರಹಣವಿಲ್ಲ. ಚಂದ್ರಗ್ರಹಣವನ್ನು ಆ ಹೊತ್ತಿಗೆ ಚಂದ್ರ ಕಾಣುವ ಊರಿನವರೆಲ್ಲ ನೋಡಬಹುದು. ಖಗ್ರಾಸ ಸೂರ್ಯಗ್ರಹಣ ಹಾಗಲ್ಲ. ಚಂದ್ರನ ನೆರಳು ಭೂಮಿಯ ಮೇಲೆ ಕಿರಿದಾದ ಪಟ್ಟಿಯೊಂದನ್ನು ಎಳೆದು ಹೋಗುತ್ತದೆ. ಪಟ್ಟಿಯೊಳಗಿನವರಿಗೆ ಹಗಲಲ್ಲೇ ಕತ್ತಲೆ, ಅಕ್ಕಪಕ್ಕದವರಿಗೆ ಕಚ್ಚಿದ ರೊಟ್ಟಿಯಂಥ ಸೂರ್ಯ.

1715ರ ಮೇ 3ರಂದು ಆ ಪಟ್ಟಿ ಇಂಗ್ಲೆಂಡಿನ ಮೇಲೆ ಹಾಯುವುದಿತ್ತು. ಹ್ಯಾಲಿಯ ಲೆಕ್ಕದಂತೆ 1140ರ ಬಳಿಕ ಲಂಡನ್ನಿಗೆ ಖಗ್ರಾಸ ಬಂದಿರಲಿಲ್ಲ. ಜಾರ್ಜ್ ದೊರೆ ಪಟ್ಟಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಹಗಲಲ್ಲಿ ನಕ್ಷತ್ರ ಕಂಡರೆ ಅರಸನಿಗೆ ಕೇಡೆಂದು ಜನ ಗಾಬರಿಯಾದಾರೆಂಬ ಯೋಚನೆ ಅವನಿಗೆ. ಅದಕ್ಕೇ ನೆರಳು ಹಾಯುವ ದಾರಿಯನ್ನು ನಕ್ಷೆಯ ಮೇಲೆ ಬಿಡಿಸಿ, ಒಂದೇ ಹಾಳೆಯಲ್ಲಿ ಮೊದಲೇ ಅಚ್ಚು ಹಾಕಿಸಿದ. ಗಡಿಯಾರ ಇದ್ದವರೆಲ್ಲ ತಂತಮ್ಮ ಊರಲ್ಲಿ ಕತ್ತಲೆ ಎಷ್ಟು ಹೊತ್ತು ಇತ್ತೆಂದು ಗುರುತಿಸಬೇಕೆಂದೂ ಕೇಳಿಕೊಂಡ. ಹೆದರಿ ಒಳಗೆ ಕೂರುವವರನ್ನು ಅಳತೆ ಮಾಡುವವರನ್ನಾಗಿಸಿದ್ದು ಸಣ್ಣ ಕೆಲಸವಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಲಂಡನ್ನಿಗೆ ಮೂರು ನಿಮಿಷಕ್ಕೂ ಮಿಕ್ಕಿ ಕತ್ತಲೆ ಕವಿಯಿತು. ಹ್ಯಾಲಿ ಹೇಳಿದ್ದ ಹೊತ್ತಿಗೂ ಅದಕ್ಕೂ ನಾಲ್ಕೇ ನಿಮಿಷದ ವ್ಯತ್ಯಾಸ. ಪಟ್ಟಿಯ ಅಂಚು ಮಾತ್ರ ಸುಮಾರು ಇಪ್ಪತ್ತು ಮೈಲಿ ಸರಿದಿತ್ತು. ಊರೂರಿಂದ ಬಂದ ವರದಿ ನೋಡಿ ನಕ್ಷೆ ತಿದ್ದಿದ. 1724ರ ಗ್ರಹಣದ ದಾರಿಯನ್ನೂ ಅದರಲ್ಲೇ ಸೇರಿಸಿ ಮತ್ತೆ ಅಚ್ಚು ಹಾಕಿಸಿದ.

ನಮ್ಮ ಸೀಮೆಗೆ ಆ ಭಾಗ್ಯ ಬಂದದ್ದು 1980ರ ಫೆಬ್ರವರಿ 16ರ ಶನಿವಾರ ಮಧ್ಯಾಹ್ನ. ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ನೆರಳು ಹಾಯಿತು. ಊರಿನ ಬಾಗಿಲುಗಳೆಲ್ಲ ಮುಚ್ಚಿದ್ದವು. ಶಾಲೆಯ ಹುಣಸೆ ಮರದಡಿ ಇದ್ದವರು ನಾನು ಮತ್ತು ಎಂಟನೆಯ ತರಗತಿಯ ಮೂವರು ಹುಡುಗರು. ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆ ಒಂದೊಂದೂ ಕುಡುಗೋಲಿನಂತೆ ಬಾಗಿತ್ತು. ಹ್ಯಾಲಿಯ ಹಾಳೆಯಂಥದೊಂದು ನಮ್ಮ ಪಂಚಾಯಿತಿ ಕಟ್ಟೆಯ ಮೇಲಿದ್ದಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಒಂದು ಗ್ರಹಣ ಸುಮಾರು 18 ವರ್ಷ, 11 ದಿನ, 8 ಗಂಟೆಗೆ ತನ್ನಂಥದೇ ಇನ್ನೊಂದನ್ನು ತರುತ್ತದೆ. ಬಾಬಿಲೋನಿನವರಿಗೆ ತಿಳಿದಿದ್ದ ಈ ಸುತ್ತಿಗೆ ಸಾರೋಸ್ ಎಂಬ ಹೆಸರನ್ನು ಬಳಕೆಗೆ ತಂದವನೂ ಹ್ಯಾಲಿಯೇ. ಅರವತ್ತು ದಾಟಿದ ಮೇಲೆ, 1720ರಲ್ಲಿ, ಗ್ರೀನಿಚ್ಚಿನ ರಾಜ ಖಗೋಳಜ್ಞನಾದ. ಆ ವಯಸ್ಸಿನಲ್ಲಿ ಚಂದ್ರನನ್ನು ಒಂದು ಪೂರ್ತಿ ಸುತ್ತು, ಅಂದರೆ ಹದಿನೆಂಟು ವರ್ಷ, ಗಮನಿಸಲು ಕೂತ, ಮುಗಿಸಿಯೂ ಬಿಟ್ಟ. 1742ರಲ್ಲಿ ತೀರಿಕೊಂಡ. ಅವನು ಹೇಳಿದ್ದಂತೆ ಧೂಮಕೇತು 1758ರ ಕ್ರಿಸ್ಮಸ್ ರಾತ್ರಿ ಜರ್ಮನಿಯ ರೈತನೊಬ್ಬನ ಕಣ್ಣಿಗೆ ಮೊದಲು ಬಿತ್ತು.

ಸುತ್ತಿನ ಆ 8 ಗಂಟೆಯಲ್ಲಿ ಭೂಮಿ ಮೂರನೇ ಒಂದು ಭಾಗ ತಿರುಗಿರುವುದರಿಂದ ಮುಂದಿನ ಗ್ರಹಣ ಬೇರೆಡೆಗೆ ಹೋಗುತ್ತದೆ. ಮೂರು ಸುತ್ತಿಗೊಮ್ಮೆ ಹೆಚ್ಚುಕಡಿಮೆ ಇದೇ ಕಡೆಗೆ ಮರಳುತ್ತದೆ. ನಮ್ಮ 1980ರ ಗ್ರಹಣ 1998ರಲ್ಲಿ ಕೆರಿಬಿಯನ್ ಕಡೆ, 2016ರಲ್ಲಿ ಇಂಡೋನೇಷ್ಯಾದಲ್ಲಿ ಕಾಣಿಸಿಕೊಂಡಿತು. 2034ರ ಮಾರ್ಚ್ 20ರಂದು ಅದರ ನೆರಳು ಕಾಶ್ಮೀರದ ಕಡೆ ಹಾಯಲಿದೆ.