ಏನು ಕೆಲಸ ಮಾಡ್ತೀರಿ ಅಂತ ಕೇಳಿದ ಡಾಕ್ಟರಮ್ಮ: ಆಲಿಸ್ ಹ್ಯಾಮಿಲ್ಟನ್

ದಾವಣಗೆರೆ: ಎಂ.ಸಿ.ಸಿ. ಬಡಾವಣೆಯಲ್ಲಿ ಸಂಜೆ ಹೊತ್ತು ಯಾವುದೇ ಕ್ಲಿನಿಕ್ ಮುಂದೆ ನಿಂತು ನೋಡಿ. ಮುಟ್ಟು ಸರಿಯಾಗಿ ಆಗ್ತಿಲ್ಲ, ಥೈರಾಯ್ಡ್ ಬಂದಿದೆ, ಗರ್ಭ ನಿಲ್ತಿಲ್ಲ ಅಂತ ಬಂದ ಹೆಣ್ಣುಮಕ್ಕಳು ಚೀಟಿ ಹಿಡಿದು ಕೂತಿರ್ತಾರೆ. ವಯಸ್ಸು, ತೂಕ, ಮಕ್ಕಳೆಷ್ಟು ಎಲ್ಲಾ ಕೇಳಿ ಬರೆದುಕೊಳ್ತಾರೆ. ಏನು ಕೆಲಸ ಮಾಡ್ತೀರಿ, ಕೈಯಲ್ಲಿ ಏನು ಮುಟ್ತೀರಿ, ಎಂಥಾ ಗಾಳಿ ಕುಡೀತೀರಿ ಅನ್ನೋದು ಮಾತ್ರ ಎಷ್ಟೋ ಸಲ ಬಿಟ್ಟುಹೋಗುತ್ತೆ. ಅದೊಂದೇ ಪ್ರಶ್ನೆಯನ್ನು ಆಯುಷ್ಯ ಪೂರ್ತಿ ಕೇಳುತ್ತಾ ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದವರು ಅಮೆರಿಕದ ಡಾ. ಆಲಿಸ್ ಹ್ಯಾಮಿಲ್ಟನ್.

ಹುಟ್ಟಿದ್ದು 1869ರ ಫೆಬ್ರವರಿ 27, ನ್ಯೂಯಾರ್ಕ್‌ನಲ್ಲಿ. ಬೆಳೆದಿದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಊರಲ್ಲಿ. 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಹೆಚ್ಚಿನ ಓದಿಗೆ ಜರ್ಮನಿಗೆ ಹೋದರೆ, ಅಲ್ಲಿ ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳದ ಹಾಗೆ ಮೂಲೆಯಲ್ಲಿ ಕೂತು ಪಾಠ ಕೇಳಬೇಕಿತ್ತು. 1897ರಲ್ಲಿ ಷಿಕಾಗೋಗೆ ಬಂದು, ಬಡ ಕಾರ್ಮಿಕರ ಕೇರಿಯಲ್ಲಿದ್ದ ಹಲ್ ಹೌಸ್‌ನಲ್ಲಿ ವಾಸಕ್ಕೆ ನಿಂತರು. ಅಕ್ಕಪಕ್ಕದವರೆಲ್ಲ ದುಡಿಯುವ ಜನ. ಕೈ ಸ್ವಾಧೀನ ಕಳೆದುಕೊಂಡವರು, ಹೊಟ್ಟೆನೋವಲ್ಲಿ ಒದ್ದಾಡುವವರು. ಯಾಕೆ ಹೀಗೆ ಅನ್ನೋದು ತಲೆಗೆ ಹೊಕ್ಕಿದ್ದು ಅಲ್ಲೇ.

1910ರಲ್ಲಿ ಇಲಿನಾಯ್ ರಾಜ್ಯ ಸರ್ಕಾರ ಕೆಲಸದಿಂದ ಬರುವ ಕಾಯಿಲೆಗಳ ಸಮೀಕ್ಷೆ ಮಾಡಿಸಿತು. ಅದರ ಹೊಣೆ ಇವರ ಮೇಲೆ ಬಿತ್ತು. ಸೀಸದ ಕಥೆ ಶುರುವಾಗಿದ್ದು ಇಲ್ಲಿಂದ. ಒಬ್ಬ ಪೋಲೆಂಡ್ ಮೂಲದ ಕೆಲಸಗಾರ ಸೀಸದ ವಿಷದಿಂದ ಆಸ್ಪತ್ರೆ ಸೇರಿದ್ದ. ಸ್ನಾನದ ತೊಟ್ಟಿಗೆ ಎನಾಮಲ್ ಹಾಕೋದು ಅವನ ಕೆಲಸ. ಹ್ಯಾಮಿಲ್ಟನ್ ಆ ಕಾರ್ಖಾನೆಗೆ ಹೋದರೆ ಸೀಸದ ಸುಳಿವೇ ಇಲ್ಲ! ಸುಮ್ಮನೆ ವಾಪಸ್ ಬಂದಿದ್ದರೆ ಅಲ್ಲಿಗೆ ಮುಗೀತಿತ್ತು. ಅವರು ಆ ಕೆಲಸಗಾರನ ಮನೆಗೆ ಹೋಗಿ ಕೂತರು. ಕಾರ್ಖಾನೆಯವರು ತೋರಿಸಿದ್ದು ಕೊನೇ ಹಂತದ ಕೆಲಸ ಅಷ್ಟೇ, ಪುಡಿ ಉದುರಿಸುವ ಜಾಗ ಬೇರೆ ಕಡೆ ಇದೆ ಅಂತ ಗೊತ್ತಾಯ್ತು. ಕೆಲಸಗಾರರೇ ತಂದುಕೊಟ್ಟ ಪುಡಿಯನ್ನು ಪರೀಕ್ಷೆ ಮಾಡಿಸಿದರೆ ಅದರಲ್ಲಿ ಸೀಸ. ಆಗ ಈಗಿನ ಹಾಗೆ ಗಾಳಿ ಅಳೆಯುವ ಮೀಟರ್ ಇರಲಿಲ್ಲ. ಆಸ್ಪತ್ರೆ ದಾಖಲೆ ತಿರುವಿಹಾಕೋದು, ಮನೆ ಮನೆ ತಿರುಗೋದು, ಇದೇ ಅವರ ಅಳತೆ. ಮಾರನೇ ವರ್ಷವೇ ಇಲಿನಾಯ್‌ನಲ್ಲಿ ಕಾರ್ಮಿಕರ ರಕ್ಷಣೆಗೆ ಕಾಯ್ದೆ ಬಂತು.

ಮಾಲೀಕರ ಜೊತೆ ಜಗಳಕ್ಕೆ ನಿಲ್ಲುವ ಸ್ವಭಾವ ಅವರದಲ್ಲ. ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಷ್ ತಮ್ಮಲ್ಲಿ ಯಾರಿಗೂ ವಿಷ ಏರಿಲ್ಲ ಅಂತಲೇ ನಂಬಿದ್ದರು. 22 ಜನರ ವೈದ್ಯಕೀಯ ದಾಖಲೆಯನ್ನು ಮುಂದಿಟ್ಟಾಗ ಒಪ್ಪಿಕೊಂಡರು, ಧೂಳು ತಡೆಯುವ ವ್ಯವಸ್ಥೆ ಮಾಡಿಸಿದರು, ಡಾಕ್ಟರನ್ನೂ ನೇಮಿಸಿದರು. ಲೆಕ್ಕ ಗೊತ್ತಿರುವ ವ್ಯಾಪಾರಸ್ಥನಿಗೆ ಲೆಕ್ಕವನ್ನೇ ತೋರಿಸಬೇಕು ಅನ್ನೋದು ಇವರಿಗೆ ಗೊತ್ತಿತ್ತು.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಪಿಂಗಾಣಿ ಕಾರ್ಖಾನೆಗಳಲ್ಲಿ ಮೆರುಗು ಒಣಗಿದ ಪಾತ್ರೆ ಉಜ್ಜುವ ಕೆಲಸ ಹೆಂಗಸರದ್ದು, ಕೂಲಿಯೂ ಕಡಿಮೆ. ಆ ಧೂಳಲ್ಲಿ ಸೀಸ. ಇಂಥಾ ಹೆಂಗಸರಲ್ಲಿ ಗರ್ಭ ಇಳಿದುಹೋಗೋದು, ಸತ್ತ ಮಗು ಹುಟ್ಟೋದು, ಬಂಜೆತನ ಹೆಚ್ಚು ಅನ್ನೋದನ್ನು ಸೀಸದ ಕೈಗಾರಿಕೆಯ ಹೆಂಗಸರ ಬಗ್ಗೆ 1919ರಲ್ಲಿ ಬಂದ ವರದಿಯಲ್ಲಿ ದಾಖಲಿಸಿದರು. ಅಲ್ಲೀವರೆಗೂ ಅದು ಹೆಂಗಸಿನ ಹಣೆಬರಹ, ಇಲ್ಲಾ ಅವಳದೇ ತಪ್ಪು. ಹಾರ್ಮೋನ್ ಎಂಬ ಪದವೇ ಹುಟ್ಟಿದ್ದು 1905ರಲ್ಲಿ, ರಕ್ತದಲ್ಲಿ ಅಳೆಯೋ ಮಾತು ದೂರ ಉಳಿಯಿತು. ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಗೂ ಅಂಡಾಶಯಕ್ಕೂ ನಡುವಿನ ಹಾರ್ಮೋನ್ ವ್ಯವಹಾರವನ್ನು ಸೀಸ ಕೆಡಿಸಬಲ್ಲದು ಅಂತ ಈಗ ಗೊತ್ತಿದೆ. ಮೂಳೆಯಲ್ಲಿ ಕೂತ ಸೀಸ ಬಸುರಿಯಾದಾಗ ಹೊರಬಂದು ಮಗುವಿಗೂ ಸೇರುತ್ತೆ. ಇದಕ್ಕೆ ಮೊದಲ ಚಿಕಿತ್ಸೆ ಮಾತ್ರೆ ಅಲ್ಲ, ಸೀಸದಿಂದ ದೂರ ಇಡೋದು.

ಎಲ್ಲರ ಥೈರಾಯ್ಡಿಗೂ ಕೆಲಸವೇ ಕಾರಣ ಅಂತ ತಿಳ್ಕೊಂಡು ಮಾತ್ರೆ ಬಿಡಬೇಡಿ. ಆದರೆ ನಿಮ್ಮದು ಬ್ಯಾಟರಿ ಅಂಗಡಿಯೋ, ಪೇಂಟ್ ಕೆಲಸವೋ ಆಗಿದ್ದರೆ ಡಾಕ್ಟರಿಗೆ ನೀವೇ ಹೇಳಿ. ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬಹುದು. ಅಂಗಡಿ ಮೆಟ್ಟಿಲೇ ಹತ್ತದ ಹೆಂಡತಿಗೂ, ಗಂಡನ ಕೆಲಸದ ಬಟ್ಟೆ ಒಗೆಯುವಾಗ ಆ ಧೂಳು ತಗುಲುತ್ತೆ.

ಅದೇ 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಇವರನ್ನು ಕರೆಸಿಕೊಂಡಿತು, ಅಲ್ಲಿಯ ಮೊದಲ ಮಹಿಳಾ ಅಧ್ಯಾಪಕಿಯಾಗಿ. ಷರತ್ತುಗಳು ಕೇಳಿದರೆ ನಗು ಬರುತ್ತೆ: ಅಧ್ಯಾಪಕರ ಕ್ಲಬ್ಬಿಗೆ ಬರೋ ಹಾಗಿಲ್ಲ, ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯೋ ಹಾಗಿಲ್ಲ, ಫುಟ್‌ಬಾಲ್ ಟಿಕೆಟ್ ಇಲ್ಲ. 1935ರಲ್ಲಿ ನಿವೃತ್ತಿ ಆದಾಗಲೂ ಸಹಾಯಕ ಪ್ರಾಧ್ಯಾಪಕಿಯೇ, ಒಂದೇ ಒಂದು ಬಡ್ತಿ ಇಲ್ಲ.

ಮನೇಲಿ ಕೂರಲಿಲ್ಲ. ಹರಿಹರದ ಹೊಳೆ ಆಚೆ ಕುಮಾರಪಟ್ಟಣದವರಿಗೆ ವಿಸ್ಕೋಸ್ ನೂಲು ಗೊತ್ತು. ಅದರ ತಯಾರಿಕೆಯಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ ಗಾಳಿಗೆ ಸೇರಿದರೆ ನರ, ಮನಸ್ಸು ಎರಡೂ ಕೆಡುತ್ತೆ, ಮುಟ್ಟೂ ಏರುಪೇರಾಗಬಹುದು. ಪೆನ್ಸಿಲ್ವೇನಿಯಾದ ಕಾರ್ಖಾನೆಗಳಲ್ಲಿ ಇದರ ಸಮೀಕ್ಷೆ ಮಾಡಿಸಿದಾಗ ಅವರಿಗೆ 70ರ ಹತ್ತಿರ ವಯಸ್ಸು. ನಮ್ಮ 1948ರ ಫ್ಯಾಕ್ಟರಿ ಕಾಯ್ದೆಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿ ಮಾಡಿದಾಗ ಮೊದಲ ಸಾಲಲ್ಲೇ ಸೀಸದ ವಿಷ ಬಂತು, ಕಾರ್ಬನ್ ಡೈಸಲ್ಫೈಡ್ ಕೂಡ ಅದರೊಳಗೆ ಸೇರಿತು.

ಹ್ಯಾಮಿಲ್ಟನ್ ತೀರಿಕೊಂಡಿದ್ದು 1970ರ ಸೆಪ್ಟೆಂಬರ್ 22ರಂದು, 101 ವರ್ಷ ಬದುಕಿ. ಅಮೆರಿಕ ದೇಶಕ್ಕೆಲ್ಲಾ ಅನ್ವಯಿಸುವ ಕೆಲಸದ ಸ್ಥಳದ ಸುರಕ್ಷತಾ ಕಾಯ್ದೆಗೆ ಅಲ್ಲಿಯ ಅಧ್ಯಕ್ಷರು ಸಹಿ ಹಾಕಿದ್ದು ಅದೇ ವರ್ಷ ಡಿಸೆಂಬರ್ 29ಕ್ಕೆ.